ಹೆಸರಿಲ್ಲದ ಕ್ಯಾಸೆಟ್ಟು

ಈಚೆಗೆ ಬಿ.ಎ. ತರಗತಿಯಲ್ಲಿ ಪಂಪಭಾರತದ ಪಾಠ ನಡೆದಿತ್ತು. ಬನವಾಸಿಯನ್ನು ನೆನೆಯುವ ಪದ್ಯಗಳ ಬಳಿಗೆ ಬಂದಿದ್ದೆವು. ಕನ್ನಡ ಅಧ್ಯಾಪಕರಿಗೆ ಈ ಪದ್ಯಗಳೆಂದರೆ ಹಬ್ಬವಿದ್ದಂತೆ. ಎದುರಿಗೆ ಕುಳಿತವರು ಆಕಳಿಸುತ್ತಿದ್ದರೂ ನಾವು ಅರೆಗಣ್ಣು ಮುಚ್ಚಿ ಹೇಳುತ್ತಲೇ ಇರುತ್ತೇವೆ. ಆ ದಿನ ನಾನೂ ಹಾಗೆಯೇ ಹೇಳಿ ಮುಗಿಸಿ, ಪಂಪನಿಗೆ ಬನವಾಸಿಯ ಮೇಲಿದ್ದಂಥ ಹಂಬಲ ನಿಮಗೆ ಯಾವುದರ ಮೇಲಾದರೂ ಉಂಟೇ ಎಂದು ಕೇಳಿದೆ. ಒಬ್ಬಿಬ್ಬರು ಅಜ್ಜಿಯ ಊರು ಎಂದರು. ಒಬ್ಬಳು, ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿಹೋದ ತನ್ನ ಮುತ್ತಜ್ಜನ ಊರು ಎಂದಳು. ಹಿಂದಿನ ಬೆಂಚಿನಲ್ಲಿದ್ದ ಕಂಪ್ಲಿಯ ಹುಡುಗನೊಬ್ಬ ಎದ್ದು ನಿಂತು, ‘ನನಗೆ ಹಳೆಯ ಜೆಲ್ಡಾ ಆಟದ ಮೇಲೆ ಅಂಥ ಹಂಬಲವುಂಟು, ಸರ್’ ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಜೆಲ್ಡಾ ಎಂಬುದು ಜಪಾನಿನ ನಿಂಟೆಂಡೋ ಸಂಸ್ಥೆಯವರು ೧೯೮೬ರ ಫೆಬ್ರವರಿಯಲ್ಲಿ ಹೊರತಂದ ವಿಡಿಯೋ ಆಟ. ಟಿ.ವಿ.ಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದುಂಟು, ಕನ್ಸೋಲು ಎನ್ನುತ್ತಾರೆ. ಅದರಲ್ಲಿ ಹಾಕಿ ಆಡತಕ್ಕದ್ದು. ಹಸಿರು ಅಂಗಿಯ ಹುಡುಗನೊಬ್ಬ ಕಾಡು, ಮೇಡು, ಗುಹೆಗಳಲ್ಲಿ ಅಲೆದು, ಎಂಟು ಕಡೆ ಬಚ್ಚಿಟ್ಟ ತುಣುಕುಗಳನ್ನು ಕೂಡಿಸಿ, ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಿ ತರಬೇಕು. ನಮ್ಮ ಅಜ್ಜಿ ಕಥೆಗಳ ಏಳು ಸಮುದ್ರದಾಚೆಯ ಗಿಣಿಯ ಸಂಗತಿಗೂ ಇದಕ್ಕೂ ಹೆಚ್ಚಿನ ದೂರವಿಲ್ಲ. ನನ್ನ ವಿದ್ಯಾರ್ಥಿ ಹುಟ್ಟಿದ್ದು ಆ ಆಟ ಬಂದ ಇಪ್ಪತ್ತು ವರ್ಷಗಳ ಮೇಲೆ. ಅದರ ಪೆಟ್ಟಿಗೆಯನ್ನು ಅವನು ಕಣ್ಣಿನಿಂದ ಕಂಡವನಲ್ಲ. ಅಮೆರಿಕೆಯ ಯಾರೋ ನಡುವಯಸ್ಸಿನವರು ತಮ್ಮ ಬಾಲ್ಯವನ್ನು ನೆನೆದು ಮಾಡಿದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಅವರ ಹಂಬಲವನ್ನೇ ತನ್ನದೆಂದುಕೊಂಡಿದ್ದಾನೆ.

ನಕ್ಕದ್ದು ತಪ್ಪಾಯಿತೆಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಮುಳುಗಿದ ಊರನ್ನು ನೆನೆದ ಹುಡುಗಿಯೂ ಆ ಊರನ್ನು ಕಂಡವಳಲ್ಲ. ಅಣೆಕಟ್ಟೆಯಲ್ಲಿ ನೀರು ನಿಂತದ್ದು ೧೯೫೩ರಲ್ಲಿ. ಅವಳ ಮಾತಿಗೆ ನಾವಾರೂ ನಗಲಿಲ್ಲ, ಬದಲಿಗೆ ತಲೆದೂಗಿದೆವು. ತಾನು ಕಾಣದ್ದಕ್ಕಾಗಿ ಹಂಬಲಿಸುವುದು ನಗೆಗೀಡಾದ ಸಂಗತಿಯಾದರೆ ಇಬ್ಬರೂ ನಗೆಗೀಡಾಗಬೇಕಾಗಿತ್ತು. ಇರುವ ವ್ಯತ್ಯಾಸ ಒಂದೇ: ಅವಳಿಗೆ ಅವಳ ಮನೆಯ ಹಿರಿಯರು ಹೇಳಿದ್ದರು, ಇವನಿಗೆ ಇಲ್ಲಿಯವರು ಯಾರೂ ಏನನ್ನೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರು ಯಾರು? ೧೯೯೦ರ ದಶಕದಲ್ಲಿ ಇದೇ ಹೊಸಪೇಟೆಯಲ್ಲಿ, ಕಂಪ್ಲಿಯಲ್ಲಿ, ಸಂಡೂರಿನಲ್ಲಿ ಟಿ.ವಿ.ಯ ಮುಂದೆ ಮಂಡಿಯೂರಿ ಕುಳಿತು ಆ ಆಟಗಳನ್ನು ಆಡಿದ ನನ್ನ ಓರಗೆಯವರು. ನಾವು ಹೇಳಲಿಲ್ಲ. ನಾಚಿಕೆಯಿಂದ ಹೇಳಲಿಲ್ಲವೋ, ಇದೂ ಒಂದು ಹೇಳುವ ವಿಷಯವೇ ಎಂದು ಹೇಳಲಿಲ್ಲವೋ, ಅಂತೂ ಬಾಯಿ ಬಿಡಲಿಲ್ಲ. ಕನ್ನಡ ಎಂ.ಎ. ಮಾಡಿದವನಂತೂ ಇಂಥ ಪೂರ್ವಾಶ್ರಮವನ್ನು ಮುಚ್ಚಿಡುವುದೇ ವಾಡಿಕೆ. ಆದಕಾರಣ ಮೊದಲು ನನ್ನ ಸಾಕ್ಷ್ಯವನ್ನು ಹೇಳಿಬಿಡುತ್ತೇನೆ.

ನನ್ನ ಸೋದರಮಾವನ ಮನೆ ಹಂಪಿಯ ಬಜಾರಿನಲ್ಲಿತ್ತು. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ರಥಬೀದಿಯ ಎರಡು ಬದಿಗೂ ಸಾಲುಗಂಬದ ಮಂಟಪಗಳಿವೆಯಷ್ಟೆ. ಆ ಕಾಲದಲ್ಲಿ ಕಂಬಗಳ ನಡುವೆ ಗೋಡೆಯೆಬ್ಬಿಸಿ ಜನ ಸಂಸಾರ ಮಾಡುತ್ತಿದ್ದರು. ಮುಂದುಗಡೆ ಯಾತ್ರಿಕರಿಗೆ ಬೇಕಾದ ಸಾಮಾನಿನ ಅಂಗಡಿ, ಹಿಂದುಗಡೆ ಅಡುಗೆ, ಮಲಗುವುದು. ಮಾವನ ಮನೆಯ ನಡುಗಂಬವೊಂದರ ಮೇಲೆ ಕೋದಂಡವನ್ನು ಹಿಡಿದ ರಾಮನಿದ್ದ. ಆ ಕಂಬಕ್ಕೆ ಒರಗಿಸಿ ಕಪ್ಪು ಬಿಳುಪಿನ ಹದಿನಾಲ್ಕು ಅಂಗುಲದ ಟಿ.ವಿ. ಇಟ್ಟಿದ್ದರು. ೧೯೯೩ರ ಬೇಸಿಗೆಯಲ್ಲಿ ಮಾವ ಬೆಂಗಳೂರಿನಿಂದ ಬರುವಾಗ ಒಂದು ಟಿ.ವಿ. ಗೇಮು ತಂದರು. ಎರಡು ಹಿಡಿಕೆ, ಒಂದು ಬೂದು ಪೆಟ್ಟಿಗೆ, ಅದರ ತಲೆಯ ಮೇಲೆ ಸಿಕ್ಕಿಸಲು ಹಳದಿ ಬಣ್ಣದ ಒಂದು ತುಂಡು. ಆ ತುಂಡಿನ ನಿಜವಾದ ಹೆಸರು ಕಾರ್ಟ್ರಿಜ್ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಬಾಯಲ್ಲಿ ಅದು ಕ್ಯಾಸೆಟ್ಟು.

ಅದನ್ನು ಹಚ್ಚುವುದೇ ಒಂದು ಪೂಜಾವಿಧಾನವಾಗಿತ್ತು. ಆಂಟೆನಾದ ತಂತಿಯನ್ನು ಕಿತ್ತು ಗೇಮಿನ ತಂತಿಯನ್ನು ಸಿಕ್ಕಿಸಬೇಕು. ಟಿ.ವಿ.ಯ ಮುಚ್ಚಳದೊಳಗಿನ ಸಣ್ಣ ಚಕ್ರವನ್ನು ಉಗುರಿನಿಂದ ತಿರುಗಿಸುತ್ತ ಹೋದರೆ ಮರಳು ಸುರಿದಂಥ ತೆರೆಯಲ್ಲಿ ಎಲ್ಲಿಯೋ ಒಂದು ಕಡೆ ಚಿತ್ರ ಮೂಡುತ್ತದೆ. ಮೂಡದಿದ್ದರೆ ಕ್ಯಾಸೆಟ್ಟನ್ನು ತೆಗೆದು ಅದರ ಬುಡಕ್ಕೆ ಉಫ್ ಎಂದು ಊದಬೇಕು. ಊದುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು, ಬಾಯಿಯ ತೇವದಿಂದ ತಾಮ್ರ ಕಿಲುಬುಹಿಡಿಯುತ್ತದೆ ಎಂದು ತಿಳಿದವರು ಈಗ ಹೇಳುತ್ತಾರೆ. ತೆಗೆದು ಮತ್ತೆ ಸಿಕ್ಕಿಸಿದ್ದರಿಂದಲೇ ಅದು ಸರಿಹೋಗುತ್ತಿದ್ದದ್ದಂತೆ. ಆದರೆ ಊದದೆ ಸಿಕ್ಕಿಸಿದವರನ್ನು ನಾನು ಕಂಡಿಲ್ಲ. ಕೊನೆಗೆ ತೆರೆಯ ಮೇಲೆ ‘೯೯೯೯೯೯ ಇನ್ ೧’ ಎಂಬ ಅಕ್ಷರ. ಅಷ್ಟು ಆಟಗಳು ಒಂದರಲ್ಲಿ! ದಿನಕ್ಕೊಂದರಂತೆ ಆಡಿದರೂ ಎರಡು ಸಾವಿರ ವರ್ಷ ಮೀರುತ್ತದೆಂದು ಮಾವನ ಮಗ ಲೆಕ್ಕ ಹಾಕಿದ. ಅಸಲಿನಲ್ಲಿ ಇದ್ದದ್ದು ಏಳು. ಅವೇ ಏಳು ಆಟಗಳು ಬೇರೆ ಬೇರೆ ಹೆಸರು ತೊಟ್ಟು, ಕೆಲವು ಮೊದಲ ಘಟ್ಟದಿಂದ, ಕೆಲವು ಮೂರನೆಯ ಘಟ್ಟದಿಂದ ಶುರುವಾಗಿ, ಪಟ್ಟಿಯ ಉದ್ದಕ್ಕೂ ಸಾಲುಗಟ್ಟಿ ನಿಂತಿದ್ದವು. ಈ ಮೋಸವನ್ನು ಕಂಡುಹಿಡಿಯಲು ನಮಗೆ ಒಂದು ವಾರ ಹಿಡಿಯಿತು. ಕಂಡುಹಿಡಿದ ಮೇಲೂ ಇಪ್ಪತ್ತು ಸಾವಿರದಾಚೆ ಎಲ್ಲಿಯಾದರೂ ಒಂದು ಹೊಸ ಆಟ ಅಡಗಿರಬಹುದೆಂಬ ಆಸೆ ಹೋಗಲಿಲ್ಲ. ರಾತ್ರಿ ಊಟವಾದ ಮೇಲೆ ಇಬ್ಬರೂ ಸರದಿಯಂತೆ ಗುಂಡಿಯೊತ್ತಿ ಪಟ್ಟಿಯನ್ನು ಇಳಿಸುತ್ತಿದ್ದೆವು. ಕರೆಂಟು ಹೋಗುತ್ತಿತ್ತು. ಮರುದಿನ ಮತ್ತೆ ಒಂದರಿಂದ.

ಆ ಏಳರಲ್ಲಿ ಸಾಹಸದ ಆಟವೆನ್ನಬಹುದಾದದ್ದು ‘ಅಡ್ವೆಂಚರ್ ಐಲೆಂಡ್’. ಹುಲ್ಲಿನ ಲಂಗ ತೊಟ್ಟ ಒಬ್ಬ ಧಡೂತಿ ಮನುಷ್ಯ ಕಾಡಿನಲ್ಲಿ ಓಡುತ್ತಾನೆ; ಕಲ್ಲಿನ ಕೊಡಲಿ ಬೀಸುತ್ತಾನೆ; ಹಣ್ಣು ತಿನ್ನುತ್ತಿರದಿದ್ದರೆ ಶಕ್ತಿ ಕುಂದಿ ಸಾಯುತ್ತಾನೆ. ಇನ್ನೊಂದು ಮಾರಿಯೋ, ಅದರಲ್ಲಿ ಬಲಕ್ಕೆ ಹೋಗುವುದಷ್ಟೇ, ದಾಟಿ ಬಂದ ದಾರಿಗೆ ಮರಳುವಂತಿಲ್ಲ. ಮಾರಿಯೋವಿನ ಟೊಪ್ಪಿಗೆ ಕೆಂಪೆಂಬುದು ನನಗೆ ಗೊತ್ತಾದದ್ದು ಕಾಲೇಜು ಸೇರಿದ ಮೇಲೆ. ನಮ್ಮ ಟಿ.ವಿ.ಯಲ್ಲಿ ಅದು ಬೂದಿಯ ಬಣ್ಣದ್ದಾಗಿತ್ತು. ಇಂದಿಗೂ ಕನಸಿನಲ್ಲಿ ಬಂದರೆ ಅವನು ಬೂದಿಯ ಬಣ್ಣದವನಾಗಿಯೇ ಬರುತ್ತಾನೆ.

ಹೀಗೆ ಅಂದದ್ದನ್ನು ಅಂದಂತೆ ಹೇಳುವುದಕ್ಕೆ ಕಾರಣವಿದೆ. ಪಂಪನ ಹಂಬಲ ನಮ್ಮನ್ನು ತಾಕುವುದು ಅವನು ಇಂಥ ಹೂವು, ಇಂಥ ಗಾಳಿ ಎಂದು ಹೆಸರಿಟ್ಟು ಹೇಳುವುದರಿಂದ. ಈಗ ಲೋಕದಲ್ಲಿ ಹರಡಿರುವ ವಿಡಿಯೋ ಆಟದ ಹಂಬಲದಲ್ಲಿ ಬರುವ ಹೆಸರುಗಳು ನಮ್ಮವಲ್ಲ. ಚಿನ್ನದ ಬಣ್ಣದ ಜೆಲ್ಡಾ ಕಾರ್ಟ್ರಿಜ್, ಕ್ರಿಸ್ಮಸ್ಸಿನ ಬೆಳಗ್ಗೆ ಬಿಚ್ಚಿದ ಪೊಟ್ಟಣ, ಬಣ್ಣದ ಪತ್ರಿಕೆಯಲ್ಲಿ ಅಚ್ಚಾದ ಭೂಪಟ: ಇವು ಅಮೆರಿಕೆಯ ಮಕ್ಕಳ ಬಾಲ್ಯ. ನಮ್ಮ ಹುಡುಗರು ಈ ಪರಕೀಯ ಬಾಲ್ಯವನ್ನು ತೊಟ್ಟುಕೊಂಡು ತಿರುಗುವಾಗ ನನಗೆ ಕಸಿವಿಸಿಯಾಗುತ್ತದೆ.

ಜೆಲ್ಡಾ ನಮ್ಮ ಕಡೆಯ ಮನೆಗಳಲ್ಲಿ ಕಾಣದಿದ್ದುದಕ್ಕೆ ತಕ್ಕ ಕಾರಣವೇ ಉಂಟು. ನಿಂಟೆಂಡೋದವರು ಫ್ಯಾಮಿಕಾಮ್ ಎಂಬ ಪೆಟ್ಟಿಗೆಯನ್ನು ಜಪಾನಿನಲ್ಲಿ ಮಾರಿದ್ದು ೧೯೮೩ರಲ್ಲಿ. ಮಾವ ತಂದದ್ದು ಅದರ ನಕಲು. ನಮ್ಮಂಥ ಊರುಗಳಲ್ಲಿ ಟಿ.ವಿ. ಗೇಮು ಎಂದರೆ ಬಹುಮಟ್ಟಿಗೆ ಇಂಥ ನಕಲೇ. ಜೆಲ್ಡಾ ಒಂದು ಕುಳಿತದಲ್ಲಿ ಮುಗಿಯುವ ಆಟವಲ್ಲ. ಆದುದರಿಂದ ೧೯೮೭ರಲ್ಲಿ ಅಮೆರಿಕೆಗೆ ಕಳುಹಿಸಿದ ಕಾರ್ಟ್ರಿಜ್ಜಿನೊಳಗೆ ಗುಂಡನೆಯ ಬ್ಯಾಟರಿಯೊಂದನ್ನು ಇಟ್ಟು, ಇಂದು ನಿಲ್ಲಿಸಿದಲ್ಲಿಂದ ನಾಳೆ ಮುಂದುವರಿಸುವಂತೆ ಮಾಡಿದ್ದರು. ಹಲವು ಆಟಗಳನ್ನು ಒಂದರಲ್ಲಿ ತುರುಕಿ ಅಗ್ಗಕ್ಕೆ ಮಾರುವ ನಕಲುಗಾರನಿಗೆ ಈ ಬ್ಯಾಟರಿಯ ಖರ್ಚು ಹಿಡಿಸುವುದೇ? ಅವನು ಆರಿಸಿದ್ದು ಗಾತ್ರದಲ್ಲಿ ಚಿಕ್ಕವಾದ, ಓದಿ ತಿಳಿಯಬೇಕಾದ ಮಾತುಗಳಿಲ್ಲದ, ಸತ್ತರೆ ಮೊದಲಿನಿಂದ ಆಡಬೇಕಾದ ಆಟಗಳನ್ನು. ಹೀಗಾಗಿ ಅಲೆಯುವ, ಹುಡುಕುವ, ನೆನಪಿಟ್ಟುಕೊಳ್ಳುವ ಆಟಗಳು ಅಲ್ಲಿಯೇ ಉಳಿದು, ಓಡುವ, ಹಾರುವ, ಸುಡುವ ಆಟಗಳು ಮಾತ್ರ ಇಲ್ಲಿಗೆ ಬಂದವು.

ಆದರೆ ಅಲೆದು ಹುಡುಕುವ ಆ ಆಟಗಳ ಹುಟ್ಟನ್ನು ಕುರಿತು ಓದಿದಾಗ ನಾನು ಬೆರಗಾದೆ. ಈ ಜಾತಿಯ ಮೊದಲ ಆಟವನ್ನು ೧೯೭೫-೭೬ರ ಸುಮಾರಿಗೆ ಬರೆದವನು ವಿಲ್ ಕ್ರೌದರ್ ಎಂಬ ಅಮೆರಿಕೆಯ ಎಂಜಿನಿಯರು. ಅವನೂ ಅವನ ಹೆಂಡತಿ ಪೆಟ್ರೀಶಿಯಾಳೂ ಕೆಂಟಕಿಯ ಮ್ಯಾಮತ್ ಗುಹೆಗಳೊಳಗೆ ತೆವಳಿ ಅಳತೆ ತೆಗೆದು ನಕ್ಷೆ ಬರೆಯುತ್ತಿದ್ದವರು. ಮದುವೆ ಮುರಿಯಿತು. ಹೆಣ್ಣುಮಕ್ಕಳು ತನ್ನ ಬಳಿಗೆ ಬಂದಾಗ ಆಡಲೆಂದು ಅವನು ಗಣಕಯಂತ್ರದಲ್ಲಿ ಆ ಗುಹೆಯನ್ನೇ ಮಾತುಗಳಲ್ಲಿ ಕಟ್ಟಿದ. ಚಿತ್ರವಿಲ್ಲ, ಬರೀ ವಾಕ್ಯ. ಉತ್ತರಕ್ಕೆ ಹೋಗು ಎಂದು ಬೆರಳಚ್ಚಿಸಿದರೆ ಅಲ್ಲಿರುವುದನ್ನು ಅದು ವರ್ಣಿಸುತ್ತದೆ. ೧೯೭೭ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. ಇತ್ತ ಜೆಲ್ಡಾವನ್ನು ಮಾಡಿದವರಲ್ಲಿ ಮುಖ್ಯನಾದ ಶಿಗೆರು ಮಿಯಾಮೊಟೊ ಕ್ಯೋಟೋ ಬಳಿಯ ಸೊನೊಬೆ ಎಂಬ ಊರಿನವನು. ಹುಡುಗನಾಗಿದ್ದಾಗ ಬೆಟ್ಟದಲ್ಲಿ ಅಲೆಯುತ್ತ ಒಂದು ಗುಹೆಯ ಬಾಯನ್ನು ಕಂಡು, ಹೆದರಿ ಹಿಂತಿರುಗಿ, ಆಮೇಲೆ ದೀಪ ಹಿಡಿದು ಒಳಹೊಕ್ಕದ್ದೇ ಆ ಆಟದ ಬೀಜವೆಂದು ಅವನು ಹೇಳಿಕೊಂಡಿದ್ದಾನೆ.

ಅಂದರೆ ಆ ಆಟಗಳು ಸ್ವತಃ ಹಂಬಲದ ಕೂಸುಗಳು. ಒಬ್ಬನಿಗೆ ಕೈತಪ್ಪಿದ ಸಂಸಾರ, ಇನ್ನೊಬ್ಬನಿಗೆ ಕೈತಪ್ಪಿದ ಬಾಲ್ಯ. ಇಬ್ಬರಿಗೂ ಒಂದೊಂದು ಗುಹೆ. ಇದನ್ನೋದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಗುಹೆ ನಮ್ಮ ಮನೆಯ ಹಿತ್ತಲಿನಲ್ಲಿಯೇ ಇತ್ತು. ಬಜಾರಿನಿಂದ ನದಿಯ ದಂಡೆ ಹಿಡಿದು ಕೋದಂಡರಾಮನ ಗುಡಿಯನ್ನು ದಾಟಿ ವಿಠ್ಠಲನ ಗುಡಿಯ ಕಡೆಗೆ ನಡೆದರೆ ಸುಗ್ರೀವನ ಗುಹೆ. ಅದರ ಮುಂದಿನ ಬಂಡೆಯ ಮೇಲೆ ಸೀತೆಯ ಸೆರಗಿನ ಗುರುತೆಂದು ತೋರಿಸುವ ಬಿಳಿಯ ಗೆರೆಗಳು. ಗರ್ಭಗುಡಿಗೆ ನೀರು ತುಂಬಿದ ನೆಲದಡಿಯ ಶಿವಾಲಯ; ಮೊಣಕಾಲುದ್ದ ನೀರಿನಲ್ಲಿ ಬಾವಲಿಗಳ ವಾಸನೆಗೆ ಮೂಗು ಮುಚ್ಚಿ ಎಷ್ಟು ದೂರ ಹೋಗಬಲ್ಲೆವೆಂದು ಪಂತ ಕಟ್ಟುತ್ತಿದ್ದೆವು. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಡೆಯ ಸಂದಿನಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗಾಗಿ ಬಿಡಿಸುತ್ತದಲ್ಲ, ಟಿ.ವಿ. ಬರುವ ಮೊದಲು ನಾವು ಕಂಡ ತೆರೆ ಅದೊಂದೇ. ಇಷ್ಟನ್ನೂ ಬಿಟ್ಟು ನಾವು ಬೇಸಿಗೆಯ ರಜೆಯನ್ನೆಲ್ಲ ಮಂಟಪದೊಳಗೆ ಕುಳಿತು, ದಾಟಿ ಬಂದ ದಾರಿಗೆ ಮರಳಲು ಬಾರದ ಒಬ್ಬ ಧಡೂತಿಯನ್ನು ಬಲಕ್ಕೆ ಓಡಿಸುವುದರಲ್ಲಿ ಕಳೆದೆವು. ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಜೆಲ್ಡಾ ಬಂದ ೧೯೮೬ರಲ್ಲಿಯೇ ಎಂಬುದು ಕೇವಲ ಕಾಕತಾಳೀಯ. ಆದರೂ ನೆನಪಿಗೆ ಬಂದಾಗಲೆಲ್ಲ ನಗು ಬರುತ್ತದೆ.

ಹಾಗೆಂದು ನಾನು ಪಶ್ಚಾತ್ತಾಪಪಡುತ್ತಿದ್ದೇನೆಂದು ವಾಚಕರು ಭಾವಿಸಬಾರದು. ಕರೆಂಟು ಹೋದಾಗ ನಾವು ಹೊರಗೆ ಬರುತ್ತಿದ್ದೆವು. ಬಂದು, ಬಂಡೆಗಳ ನಡುವೆ ಅದೇ ಆಟವನ್ನು ಆಡುತ್ತಿದ್ದೆವು. ಆದರೆ ಅಲ್ಲಿ ಎಡಕ್ಕೂ ಹೋಗಬಹುದಾಗಿತ್ತು. ಮಾವನ ಮಗ ಇತಿಹಾಸದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಚೌಕ ಗೆರೆ ಎಳೆದು ಬಜಾರಿನಿಂದ ತಳವಾರಘಟ್ಟದವರೆಗೆ ನಕ್ಷೆ ಬರೆದಿದ್ದ: ಇಲ್ಲಿ ಕೀಲಿ, ಇಲ್ಲಿ ಹಾವು, ಇಲ್ಲಿ ಒಂದು ಪ್ರಾಣ ಹೆಚ್ಚಿಗೆ. ಜೆಲ್ಡಾವನ್ನು ಕಂಡರಿಯದ ಹುಡುಗ ಜೆಲ್ಡಾದಂಥದ್ದನ್ನೇ ಬರೆದಿದ್ದನೆಂದು ಈಗ ನನಗೆ ತೋರುತ್ತದೆ. ಆ ನೋಟುಬುಕ್ಕು ಉಳಿಯಲಿಲ್ಲ.

ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಬೇಕು. ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ಕ್ಯಾಸೆಟ್ಟುಗಳಷ್ಟು ಪರಿಚಿತವಾಗಿ ಕಾಣುವ ವಸ್ತು ಇನ್ನೊಂದಿಲ್ಲ. ಹೈಸ್ಕೂಲಿನಲ್ಲಿ ನನ್ನ ಜೊತೆಗೆ ಸಂಡೂರಿನ ಒಬ್ಬ ಹುಡುಗನಿದ್ದ. ಅವನ ಕ್ಯಾಸೆಟ್ಟಿನಲ್ಲಿ ನಮ್ಮ ಧಡೂತಿಯ ಆಟ ಬೇರೊಂದು ಹೆಸರಿನಿಂದಿತ್ತು, ನೇರವಾಗಿ ಎರಡನೆಯ ಘಟ್ಟದಿಂದ ತೊಡಗುತ್ತಿತ್ತು. ಕಂಪ್ಲಿಯಿಂದ ಬಂದ ಮತ್ತೊಂದರಲ್ಲಿ ಶೀರ್ಷಿಕೆಯ ತೆರೆಯ ಕೆಳಗಿನ ಸಾಲು ಮಾಯವಾಗಿತ್ತು. ಆ ಸಾಲಿನಲ್ಲಿ ಇರಬೇಕಾಗಿದ್ದದ್ದು ಕರ್ತೃಗಳ ಹೆಸರೆಂದು ಈಗ ತಿಳಿದಿದೆ. ನಕಲುಗಾರರು ಸಿಕ್ಕಿಬೀಳುವ ಭಯದಿಂದ ಮೊದಲು ಅಳಿಸುತ್ತಿದ್ದುದು ಅದನ್ನೇ. ಮೂರು ಪ್ರತಿ, ಮೂರು ಪಾಠ, ಕವಿಯ ಹೆಸರು ಲುಪ್ತ! ಓಲೆಗರಿಯ ಲಿಪಿಕಾರನಾದರೂ ಕೊನೆಯಲ್ಲಿ ತನ್ನ ಹೆಸರು ಹೇಳಿ ತಪ್ಪಿದ್ದರೆ ಕ್ಷಮಿಸಿ ಎನ್ನುತ್ತಿದ್ದ; ನಮ್ಮ ಲಿಪಿಕಾರನಿಗೆ ಆ ಸೌಜನ್ಯವೂ ಇರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ‘ಅಡ್ವೆಂಚರ್ ಐಲೆಂಡ್’ ತಾನೇ ಒಂದು ಪಾಠಾಂತರ. ಅದೇ ೧೯೮೬ರಲ್ಲಿ ಸೆಗಾ ಹೆಸರಿನಲ್ಲಿ ‘ವಂಡರ್ ಬಾಯ್’ ಎಂಬ ಆಟ ಬಂದಿತ್ತು. ಆಟ ರಚಿಸಿದವರದು, ಹೆಸರು ಮತ್ತು ನಾಯಕ ಸೆಗಾದವರದು ಎಂದು ಹಕ್ಕು ಹಂಚಿಹೋಗಿದ್ದುದರಿಂದ, ಹಡ್ಸನ್ ಎಂಬ ಮತ್ತೊಂದು ಸಂಸ್ಥೆಯವರು ಹೆಸರನ್ನೂ ನಾಯಕನನ್ನೂ ಬದಲಿಸಿ ಅದನ್ನೇ ಮನೆಯ ಪೆಟ್ಟಿಗೆಗೆ ತಂದರು. ಆ ಹೊಸ ನಾಯಕನಾದರೋ ಗುಂಡಿಯನ್ನು ಅತಿವೇಗವಾಗಿ ಒತ್ತುವುದರಲ್ಲಿ ಹೆಸರಾದ, ಅವರದೇ ಸಂಸ್ಥೆಯ ಒಬ್ಬ ನೌಕರ, ತಾಕಾಹಾಶಿ! ಮೂಲಪಾಠವೆಂದು ನಂಬಿ ನಾವು ಹಿಡಿದುಕೊಂಡದ್ದು ಹೀಗಿತ್ತು.

ಕರ್ತೃವಿನ ಹೆಸರಿನ ಮಾತು ಬಂತಾಗಿ ಇನ್ನೊಂದನ್ನು ಸೇರಿಸುತ್ತೇನೆ. ೧೯೮೦ರಲ್ಲಿ ಅಟಾರಿ ಕನ್ಸೋಲಿಗೆ ‘ಅಡ್ವೆಂಚರ್’ ಎಂಬ ಆಟ ಬಂತು. ಕ್ರೌದರನ ಗುಹೆಯನ್ನು ಮಾತಿನಿಂದ ಚಿತ್ರಕ್ಕೆ ಇಳಿಸಿದ ಮೊದಲಿಗರಲ್ಲಿ ಇದನ್ನು ಮಾಡಿದ ವಾರೆನ್ ರಾಬಿನೆಟ್ ಒಬ್ಬ. ಇಡೀ ಆಟ ಕೇವಲ ನಾಲ್ಕು ಕಿಲೋಬೈಟು. ನಾಯಕನೆಂದರೆ ಒಂದು ಚೌಕ, ಸರ್ಪಗಳು ಬಾತುಕೋಳಿಗಳಂತೆ ಕಾಣುತ್ತಿದ್ದವು. ಆಟ ರಚಿಸಿದವರ ಹೆಸರನ್ನು ಅಚ್ಚುಹಾಕುವ ಪದ್ಧತಿ ಆ ಸಂಸ್ಥೆಯಲ್ಲಿರಲಿಲ್ಲ. ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೊಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟ. ಕಣ್ಣಿಗೆ ಬೀಳದಷ್ಟು ಸಣ್ಣ ಬೂದು ಚುಕ್ಕೆಯೊಂದನ್ನು ಹೊತ್ತು ತಂದವರಿಗೆ ಮಾತ್ರ ಆ ಕೋಣೆಯ ಗೋಡೆ ತೆರೆಯುತ್ತಿತ್ತು. ಹದಿನೈದು ವರ್ಷದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಪತ್ರ ಬರೆಯುವ ಹೊತ್ತಿಗೆ ರಾಬಿನೆಟ್ ಆ ಕೆಲಸವನ್ನು ಬಿಟ್ಟುಹೋಗಿದ್ದ. ಪುರಂದರ ಮಂಟಪದ ನಾಡಿನಲ್ಲಿ ಬೆಳೆದವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದು ಅಂಕಿತ.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಹಿರಿಯರು, ಶಾಸನಗಳನ್ನು ಬಲ್ಲವರು. ‘ಕದ್ದ ಮಾಲನ್ನು ಓಲೆಗರಿಗೆ ಹೋಲಿಸುತ್ತೀರಲ್ಲ, ನಿಮಗೇನಾಗಿದೆ?’ ಎಂದರು. ಕದ್ದ ಮಾಲು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಿಯಾಮೊಟೊವಿಗೂ ಅವನ ಜೊತೆಗಾರರಿಗೂ ನಮ್ಮ ಮಾವ ಕೊಟ್ಟ ಹಣದಲ್ಲಿ ಒಂದು ಕಾಸೂ ಸೇರಿರಲಾರದು. ಆ ಮಟ್ಟಿಗೆ ನಮ್ಮ ಬಾಲ್ಯ ಸಾಲದಲ್ಲಿದೆ. ಆದರೆ ಸಾಲದ ಲೆಕ್ಕವನ್ನಾದರೂ ಯಾರಾದರೂ ಬರೆದಿಡಬೇಡವೇ? ಕೌಟಿಲ್ಯನ ಅರ್ಥಶಾಸ್ತ್ರ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಕಟ್ಟಿನಲ್ಲಿ. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದದಿದ್ದರೆ ಅದೂ ಕಟ್ಟಾಗಿಯೇ ಉಳಿಯುತ್ತಿತ್ತು. ಫ. ಗು. ಹಳಕಟ್ಟಿಯವರು ವಚನಗಳ ಕಟ್ಟುಗಳಿಗಾಗಿ ಊರೂರು ತಿರುಗಿದರು. ನಾನು ಏಳು ಆಟದ ಕ್ಯಾಸೆಟ್ಟನ್ನು ವಚನಗಳ ಸಮಕ್ಕೆ ಕೂರಿಸುತ್ತಿಲ್ಲ. ಅಷ್ಟು ಬುದ್ಧಿ ಕೆಟ್ಟಿಲ್ಲ. ಬೆಲೆ ಕಟ್ಟುವ ಮುಂಚೆ ಕೂಡಿಡಬೇಕೆಂಬ ವಿವೇಕವನ್ನು ಅವರಿಂದ ಕಲಿಯಬಹುದೆಂದಷ್ಟೇ ಹೇಳುತ್ತೇನೆ. ಅಮೆರಿಕೆಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ ೨೦೧೦ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಇಂದು ಮಾರಾಟಕ್ಕೇ ಸಿಗುವುದಿಲ್ಲ. ಹೆಸರು, ಹಕ್ಕು, ಲೆಕ್ಕ ಎಲ್ಲವೂ ಇದ್ದಲ್ಲಿಯೇ ಈ ಗತಿ. ಹೆಸರೇ ಅಳಿಸಿದ ನಮ್ಮ ಪ್ರತಿಗಳ ಪಾಡೇನು?

ಹಂಪಿಯಲ್ಲಿ ಆಟಗಳಿಗೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಕಾಲಡಿಯಲ್ಲಿಯೇ ಇದೆ. ಮಂಟಪಗಳ ನೆಲಗಟ್ಟಿನ ಮೇಲೆ, ದಾರಿಯ ಬಂಡೆಗಳ ಮೇಲೆ, ಹುಲಿಕುರಿ ಆಟದ ಗೆರೆಗಳು, ಅಳಗುಳಿಯ ಗುಳಿಗಳು, ಚೌಕಗಳು ಇಂದಿಗೂ ಕಾಣುತ್ತವೆ. ಕಾವಲುಗಾರರೋ, ಯಾತ್ರಿಕರೋ, ಕಲ್ಲುಕುಟಿಗರ ಮಕ್ಕಳೋ, ಕೊರೆದವರ ಹೆಸರಿಲ್ಲ. ವಿಜಯನಗರದ ಅವಶೇಷಗಳನ್ನು ದಶಕಗಳ ಕಾಲ ಅಳೆದು ನಕ್ಷೆ ಮಾಡಿದ ಜಾನ್ ಫ್ರಿಟ್ಜ್ ಈ ಆಟದ ಮಣೆಗಳ ಬಗ್ಗೆಯೂ ಬರೆದಿದ್ದಾರೆ. ದೂರದಿಂದ ಬಂದವರು ಬಗ್ಗಿ ನೋಡಿದ್ದನ್ನು ನಾವು ದಿನಾ ತುಳಿದುಕೊಂಡು ಹೋಗುತ್ತಿದ್ದೆವು. ಮಾವನ ಮನೆಯ ಪಡಸಾಲೆಯಲ್ಲಿಯೇ ಒಂದು ಹುಲಿಕುರಿಯ ಮಣೆ ಇತ್ತು. ಅದರ ಮೇಲೆ ಟಿ.ವಿ.ಯ ಸ್ಟೆಬಿಲೈಸರು ಇಟ್ಟಿದ್ದರು.

ಆ ಮನೆ ಈಗಿಲ್ಲ. ೨೦೧೧ರ ಜುಲೈ ಕೊನೆಯಲ್ಲಿ ಬಜಾರಿನ ಮಂಟಪಗಳೊಳಗಿನ ಮನೆ ಅಂಗಡಿಗಳನ್ನು ತೆರವು ಮಾಡಿದರು. ಐನೂರು ವರ್ಷದ ಕಂಬಗಳಿಗೆ ಇಟ್ಟಿಗೆ ಸಿಮೆಂಟು ಮೆತ್ತಿ ಸಂಸಾರ ಮಾಡುವುದು ಸರಿಯಲ್ಲವೆಂಬ ಮಾತಿನಲ್ಲಿ ಸತ್ಯವಿದೆ. ಯಂತ್ರಗಳ ಬಾಯಿಗೆ ಸಿಕ್ಕದ್ದು ಜನರ ಜೀವನವೆಂಬುದೂ ಸತ್ಯ. ನಾನು ಎರಡನ್ನೂ ನುಂಗಿಕೊಂಡು ಬದುಕಿದ್ದೇನೆ. ಈಗ ಬಜಾರಿಗೆ ಹೋದರೆ ರಾಮನಿದ್ದ ಕಂಬ ತೊಳೆದಿಟ್ಟಂತೆ ನಿಂತಿದೆ. ಹುಲಿಕುರಿಯ ಗೆರೆಯೂ ಇದೆ. ಅವೆರಡರ ನಡುವೆ ಹದಿನೆಂಟು ವರ್ಷ ಒಂದು ಟಿ.ವಿ. ಇತ್ತೆಂಬುದಕ್ಕೆ ಮಾತ್ರ ಯಾವ ಕುರುಹೂ ಇಲ್ಲ. ಒಂದು ಪದರವನ್ನು ಕಾಪಾಡಲು ಮತ್ತೊಂದನ್ನು ಕೆರೆದು ತೆಗೆಯುವಾಗ, ಕೆರೆದದ್ದೇನೆಂದು ಬರೆದಿಟ್ಟುಕೊಳ್ಳುವುದು ಯಾರ ಕೆಲಸ?

ಹೊರಗಿನವರು ನಮ್ಮ ನಾಡನ್ನು ಆಟವಾಗಿಸಿಯೂ ಬಿಟ್ಟಿದ್ದಾರೆ. ೨೦೧೭ರಲ್ಲಿ ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ಸಾಹಸದ ಆಟ ನಡೆಯುವುದು ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ, ಗಣೇಶನ ದಂತವನ್ನು ಹುಡುಕುತ್ತ ನಾಯಕಿಯರಿಬ್ಬರು ಹೊಯ್ಸಳರ ಹಳೇಬೀಡಿಗೆ, ಬೇಲೂರಿಗೆ ಬರುತ್ತಾರೆ. ಅದರ ಹಳೇಬೀಡಿನಲ್ಲಿ ಮುಗಿಲೆತ್ತರದ ಜಲಪಾತಗಳಿವೆ! ಬಯಲುಸೀಮೆಯ ಅಂಚಿನ ನಿಜವಾದ ಹಳೇಬೀಡಿನವರು ಒಂದು ಕೊಡ ನೀರನ್ನಾದರೂ ಕೇಳಿಯಾರು. ಕಣ್ಣಿಗೆ ಹಬ್ಬವಾಗಿದೆ, ಒಪ್ಪುತ್ತೇನೆ. ಆದರೆ ನನ್ನ ಮಗಳು ಅದನ್ನು ಆಡುವಾಗ ಹಿಂದೆ ನಿಂತು ನೋಡಿದರೆ, ಎಲ್ಲಿ ಹತ್ತಬೇಕು, ಎಲ್ಲಿ ಹಾರಬೇಕು ಎಂಬುದನ್ನು ಕಲ್ಲಿನ ಅಂಚಿನ ಬಣ್ಣವೇ ಸೂಚಿಸಿಬಿಡುತ್ತದೆ. ಸೊನೊಬೆಯ ಹುಡುಗ ಗುಹೆಯ ಬಾಯಲ್ಲಿ ಹೆದರಿ ನಿಂತದ್ದು, ಒಳಗೇನಿದೆಯೆಂದು ಯಾರೂ ಹೇಳದಿದ್ದುದರಿಂದ.

ಆದಿತ್ಯವಾರ ಕಂಪ್ಲಿಯ ಆ ಹುಡುಗನನ್ನು ಕರೆದುಕೊಂ‌ಡು ಕಡ್ಡಿರಾಂಪುರಕ್ಕೆ ಹೋಗಿದ್ದೆ. ಬಜಾರು ಬಿಟ್ಟ ಮೇಲೆ ಮಾವನ ಮಗ ಅಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಹಳದಿ ಕ್ಯಾಸೆಟ್ಟು ಸಿಕ್ಕಿತು, ಪೆಟ್ಟಿಗೆ ಸಿಗಲಿಲ್ಲ. ಹುಡುಗ ತಿರುಪು ಬಿಚ್ಚಿ ಒಳಗೆ ತೋರಿಸಿದ. ಹಸಿರು ಹಲಗೆಯ ನಡುವೆ ಅರಗು ಸುರಿದಂಥ ಒಂದು ಕಪ್ಪು ಬೊಟ್ಟು, ಅಷ್ಟೆ. ಆ ಬೊಟ್ಟಿನ ಕೆಳಗೆ ಏಳೂ ಆಟಗಳಿವೆಯಂತೆ. ಇಂಥವುಗಳಿಂದ ಆಟಗಳನ್ನು ಓದಿ ತೆಗೆಯುವ ಸಲಕರಣೆ ಉಂಟೆಂದೂ, ಲೋಕದಲ್ಲಿ ಕೆಲವರು ಹವ್ಯಾಸಕ್ಕಾಗಿ ನಕಲು ಕ್ಯಾಸೆಟ್ಟುಗಳನ್ನೇ ಹುಡುಕಿ ಹೀಗೆ ಉಳಿಸುತ್ತಿದ್ದಾರೆಂದೂ ಅವನೇ ಹೇಳಿದ. ಹಸ್ತಪ್ರತಿಗಳ ಸೂಚಿಯಲ್ಲಿ ಮಾಡುವಂತೆ ಒಂದು ವಿವರಪಟ್ಟಿ ಬರೆ ಎಂದೆ. ಅವನು ಜಗುಲಿಯ ಮೇಲೆ ಕುಳಿತು ಬರೆದ. ಕೃತಿ: ‘೯೯೯೯೯೯ ಇನ್ ೧’. ಕರ್ತೃ: ಇಲ್ಲ. ಲಿಪಿಕಾರ: ಇಲ್ಲ. ದೊರೆತ ಸ್ಥಳ: ಕಡ್ಡಿರಾಂಪುರ, ಮೊದಲಿದ್ದ ಸ್ಥಳ: ಹಂಪಿ ಬಜಾರು, ರಾಮನ ಕಂಬದ ಮಂಟಪ. ಸ್ಥಿತಿ: ತಾಮ್ರ ಕಿಲುಬು ಹಿಡಿದಿದೆ, ಊದಿದ್ದರಿಂದ ಇರಬಹುದು. ಒಳಗಿನ ಆಟಗಳು ಯಾವುವೆಂದು ಕೇಳಿದ. ಆರನ್ನು ನಾವಿಬ್ಬರೂ ಒಂದೇ ಉಸಿರಿನಲ್ಲಿ ಹೇಳಿದೆವು. ಏಳನೆಯದು ಟ್ಯಾಂಕಿನ ಆಟವೆಂದು ಮಾವನ ಮಗ, ಬಾತುಕೋಳಿ ಹೊಡೆಯುವುದೆಂದು ನಾನು. ಚಹಾ ಆರುವವರೆಗೂ ವಾದ ನಡೆಯಿತು. ಹುಡುಗ ಎರಡನ್ನೂ ಬರೆದುಕೊಂಡು, ಎದುರಿಗೆ ‘ಪಾಠಾಂತರ’ ಎಂದು ಗುರುತು ಹಾಕಿದ.